ದೇವರನ್ನು ನಂಬುತ್ತಲೇ ವಿಕ್ಕಾ ಕಡೆ ಹೋಗಬಹುದಾ?

ಜೊಂಡುಹುಲ್ಲು:

ಎಲ್ಲರಿಗೂ ನಮಸ್ಕಾರ. ವಿಕ್ಕಾ ಅಂದರೆ ಪ್ರಕೃತಿಯನ್ನೂ ದೇವಿ-ದೇವರನ್ನೂ ಪೂಜಿಸುವ, ಮಂತ್ರಕ್ರಿಯೆಗಳೂ ಇರುವ ಪಶ್ಚಿಮದ ಒಂದು ಪಂಥ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಆಮೇಲೆ ಹೇಳಿ.

ನಾನು ಹುಬ್ಬಳ್ಳಿ ಕಡೆಯವಳು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಮನೆಯಲ್ಲಿ ಕನ್ನಡ ಬೈಬಲ್ಲು, ಸಂಜೆ ಪ್ರಾರ್ಥನೆ, ಭಾನುವಾರ ಸಭೆ, ಇಷ್ಟರಲ್ಲೇ ಬೆಳೆದವಳು. ಈಗ ಐರ್ಲೆಂಡಿನ ಕಿಲ್ಡೇರ್ ಕೌಂಟಿಯಲ್ಲಿ ನರ್ಸ್. ಬಂದು ಆರು ವರ್ಷ ಆಯಿತು. ಜಾಸ್ತಿ ನೈಟ್ ಡ್ಯೂಟಿ.

ಹೋದ ವರ್ಷ ಫೆಬ್ರವರಿ 1ರ ಬೆಳಿಗ್ಗೆ ಡ್ಯೂಟಿ ಮುಗಿಯಿತು. ಜೊತೆಗೆ ಕೆಲಸ ಮಾಡುವ ಐರಿಷ್ ಗೆಳತಿ ನನ್ನನ್ನು ಹಾಗೇ ಕಾರಲ್ಲಿ ಕೂರಿಸಿಕೊಂಡು ಟಲ್ಲಿ ಅನ್ನುವಲ್ಲಿರುವ, ಐರ್ಲೆಂಡಿನ ಹಳೇ ಕ್ರೈಸ್ತ ಸಂತಳಾದ ಬ್ರಿಜಿಡ್ ಹೆಸರಿನ ಬಾವಿಗೆ ಕರೆದುಕೊಂಡು ಹೋದಳು. ಬಾವಿ ಅಂದರೆ ನಮ್ಮೂರಿನ ಥರ ಆಳ ಇಲ್ಲ, ಕಲ್ಲು ಕಟ್ಟಿದ ಸಣ್ಣ ಒರತೆ. ಪಕ್ಕದ ಮರದ ಕೊಂಬೆಗಳಿಗೆಲ್ಲ ಬಟ್ಟೆ ಚೂರು ಕಟ್ಟಿದ್ದರು. ಕೂಸಿನ ಕಾಲುಚೀಲ ಒಂದಿತ್ತು. ಆಸ್ಪತ್ರೆಯಲ್ಲಿ ರೋಗಿಯ ಕೈಗೆ ಹಾಕುತ್ತೇವಲ್ಲ, ಹೆಸರು ಬರೆದ ಪ್ಲಾಸ್ಟಿಕ್ ಪಟ್ಟಿ, ಅಂಥದ್ದೂ ಒಂದಿತ್ತು. ಮಳೆಗೆ ಹೆಸರು ಅಳಿಸಿ ಹೋಗಿತ್ತು. ನಾನು ದಿನಾ ನೋಡುವ ಪಟ್ಟಿ ಅದು. ಯಾಕೋ ಅಲ್ಲಿ ನಿಂತು ತುಂಬಾ ಅತ್ತುಬಿಟ್ಟೆ.

ಆಮೇಲೆ ಅವಳ ಮನೆಯಲ್ಲಿ ಜೊಂಡಿನ ಶಿಲುಬೆ ಹೆಣೆಯೋದು ಕಲಿತೆ. ಒಂದು ಎಸಳನ್ನು ನೆಟ್ಟಗೆ ಹಿಡಿಯಬೇಕು, ಇನ್ನೊಂದನ್ನು ಅದರ ನಡುವಿಗೆ ಮಡಚಿ ಹಾಕಬೇಕು, ಕಾಲು ಸುತ್ತು ತಿರುಗಿಸಬೇಕು, ಮತ್ತೆ ಮಡಚಬೇಕು. ಬೆರಳಿಗೆ ಹಸಿ ವಾಸನೆ ಅಂಟುತ್ತೆ. ಸಾಯುತ್ತಾ ಮಲಗಿದ್ದ ಒಬ್ಬ ನಾಯಕನ ಪಕ್ಕ ಕೂತು, ನೆಲಕ್ಕೆ ಹಾಸಿದ್ದ ಜೊಂಡನ್ನೇ ಎತ್ತಿಕೊಂಡು ಬ್ರಿಜಿಡ್ ಇದನ್ನು ಮೊದಲು ಹೆಣೆದಳು ಅಂತ ಕಥೆ ಇದೆ. ಸಾಯುವವರ ಪಕ್ಕ ರಾತ್ರಿಯಿಡೀ ಕೂತು ಗೊತ್ತಿರುವ ನನಗೆ ಆ ಕಥೆ ಎಲ್ಲೋ ಒಳಗೆ ತಾಕಿತು.

ಆ ಗೆಳತಿ ವಿಕ್ಕಾ ಪಾಲಿಸುವವಳು ಅಂತ ಅವತ್ತೇ ಗೊತ್ತಾಗಿದ್ದು. ಅವಳಿಗೆ ಅದು ವಸಂತವನ್ನು ಎದುರುಗೊಳ್ಳುವ ಇಂಬೊಲ್ಕ್ ಹಬ್ಬ, ಬ್ರಿಜಿಡ್ ಸಂತಳಲ್ಲ, ದೇವಿ. ಆವತ್ತಿನಿಂದ ಒಂದು ವರ್ಷ ಓದಿದ್ದೇನೆ. ಹುಣ್ಣಿಮೆ ದಿನ ಹಿತ್ತಲಲ್ಲಿ ಸುಮ್ನೆ ನಿಂತು ಪ್ರಾರ್ಥನೆ ಮಾಡುತ್ತೇನೆ, ಮೇಣದ ಬತ್ತಿ ಹಚ್ಚುತ್ತೇನೆ. ಪ್ರಾರ್ಥನೆ ಮಾಡುವುದು ನನ್ನ ದೇವರಿಗೇ. ಆತನನ್ನು ಬಿಡುವ ಯೋಚನೆ ನನಗಿಲ್ಲ, ಒಂದು ದಿನವೂ ಬಂದಿಲ್ಲ. ಆದರೆ ಈ ದಾರಿಯಲ್ಲಿ ಏನೋ ಇದೆ, ನನ್ನನ್ನು ಕರೆಯುತ್ತಿದೆ.

ಇಲ್ಲಿನ ಒಂದು ಪ್ರಾರ್ಥನಾ ಗುಂಪಿನಲ್ಲಿ ನಂಬಿಕೆಯಿಂದ ಒಬ್ಬರ ಹತ್ತಿರ ಹೇಳಿಕೊಂಡೆ. ಮುಂದಿನ ವಾರ ಎಲ್ಲರೂ ನನ್ನ ತಲೆ ಮೇಲೆ ಕೈಯಿಟ್ಟು ದೆವ್ವ ಬಿಡಿಸುವ ಪ್ರಾರ್ಥನೆ ಮಾಡಿದರು. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ.

ಕೇಳೋದು ಇಷ್ಟೇ. ದೇವರನ್ನು ನಂಬುತ್ತಲೇ ಇದನ್ನು ಕಲಿಯಬಹುದಾ? ಅಥವಾ ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೇನಾ?

ಬೆಳವಲ:

ಇದಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಅಕ್ಕಾ? ದೇವನೊಬ್ಬ ನಾಮ ಹಲವು ಅಂತ ಬಸವಣ್ಣನವರೇ ಹೇಳಿಬಿಟ್ಟಿದ್ದಾರೆ. ಯಾವ ಹೆಸರಲ್ಲಿ ಕರೆದರೂ ಹೋಗಿ ಮುಟ್ಟೋದು ಒಂದೇ ಕಡೆ. ಧೈರ್ಯವಾಗಿ ಮಾಡಿ. ಆ ಗುಂಪಿನವರು ಮಾಡಿದ್ದು ಮಾತ್ರ ದೊಡ್ಡ ತಪ್ಪು.

ಅಮೃತಬಳ್ಳಿ:

ತಂಗೀ, ಮೊದಲು ನೀವು ಊಟ ಮಾಡಿ, ನಿದ್ದೆ ಮಾಡಿ. ಹೆದರಿಕೆಯಲ್ಲಿ ಇಂಥ ತೀರ್ಮಾನ ಆಗಬಾರದು.

ನಾನು ಶಿವಮೊಗ್ಗದವಳು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14 ವರ್ಷದಿಂದ ಇದ್ದೇನೆ, ಅದರಲ್ಲಿ ಹತ್ತು ವರ್ಷ ಒಂದು ಕೊವೆನ್, ಅಂದರೆ ವಿಕ್ಕಾ ಪಾಲಿಸುವವರ ಸಣ್ಣ ಗುಂಪಿನ ಒಳಗಿದ್ದೇನೆ. ಹಾಗಾಗಿ ಒಳಗಿನಿಂದ ಕಂಡದ್ದು ಹೇಳುತ್ತೇನೆ.

ವಿಕ್ಕಾ ಸಾವಿರಾರು ವರ್ಷ ಹಳೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಹೊರಗೆ ಗೊತ್ತಾಗಿದ್ದು ಜೆರಾಲ್ಡ್ ಗಾರ್ಡ್ನರ್ ಅನ್ನುವವರಿಂದ. ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಬಂದವರು. 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಹಳೇ ಗುಂಪು ತನಗೆ ದೀಕ್ಷೆ ಕೊಟ್ಟಿತು ಅಂತ ಅವರು ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ 1735ರ ಮಾಟದ ಕಾಯ್ದೆ ರದ್ದಾಗಿದ್ದೇ 1951ರಲ್ಲಿ. ಅದಾದ ಮೇಲೆ 1954ರಲ್ಲಿ ಅವರು ಧೈರ್ಯವಾಗಿ ಪುಸ್ತಕ ಬರೆದರು. ಈಗ ನಾವು ಹೇಳುವ ಎಷ್ಟೋ ಚೆಂದದ ಮಾತುಗಳನ್ನು ಬರೆದವರು ಅವರ ಜೊತೆಗಿದ್ದ ಡೊರೀನ್ ವ್ಯಾಲಿಯೆಂಟೆ. ನಮ್ಮ ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಇದರ ಹುಟ್ಟನ್ನು ಎಳೆ ಎಳೆಯಾಗಿ ಬಿಡಿಸಿಟ್ಟರು. ಅದನ್ನು ಓದಿದ ಮೇಲೂ ನಾನು ಇಲ್ಲೇ ಉಳಿದೆ. ಹೊಸದಾಗಿದ್ದರೆ ಸುಳ್ಳು ಅಂತ ಅಲ್ಲವಲ್ಲ. ನಿಮ್ಮ ಐರ್ಲೆಂಡಿಗೆ ಇದನ್ನು ತಂದವರಲ್ಲಿ ಮುಖ್ಯರು ಜಾನೆಟ್ ಮತ್ತು ಸ್ಟೂವರ್ಟ್ ಫಾರರ್ ದಂಪತಿ, 1976ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದರು. ಅಂದರೆ ಆ ಬಾವಿ ಬೇರೆ, ವಿಕ್ಕಾ ಬೇರೆ. ಬಾವಿ ಬಹಳ ಹಳೆಯದು, ನಾವು ತೀರಾ ಇತ್ತೀಚೆಗೆ ಬಂದವರು. ನಿಮಗೆ ಅಳು ಬಂದಿದ್ದು ಬಾವಿ ಹತ್ತಿರ. ಇದನ್ನು ಮರೆಯಬೇಡಿ.

ಈಗ ನಿಮ್ಮ ಪ್ರಶ್ನೆ. ವಿಕ್ಕಾದಲ್ಲಿ ಇದನ್ನೇ ನಂಬು ಅನ್ನುವ ವಿಶ್ವಾಸಪ್ರಮಾಣ ಇಲ್ಲ. ದೇವಿ ಮತ್ತು ದೇವ ಅಂತ ಇಬ್ಬರನ್ನು ಕರೆಯುತ್ತೇವೆ. ಅವರು ನಿಜವಾದ ಇಬ್ಬರು ಅನ್ನುವವರಿದ್ದಾರೆ, ಒಂದೇ ಶಕ್ತಿಯ ಎರಡು ಮುಖ ಅನ್ನುವವರಿದ್ದಾರೆ, ಮನಸ್ಸಿನ ರೂಪಕ ಅಷ್ಟೇ ಅನ್ನುವವರೂ ಇದ್ದಾರೆ. ಮೂವರೂ ಒಂದೇ ವೃತ್ತದಲ್ಲಿ ಕೈ ಹಿಡಿದು ನಿಲ್ಲುತ್ತಾರೆ. ಗಾರ್ಡ್ನರ್ ಪರಂಪರೆಯ ಒಂದು ಪ್ರಾರ್ಥನೆಯಲ್ಲಿ ಡ್ರಿಹ್ಟನ್ ಅನ್ನುವ ಹೆಸರು ಬರುತ್ತೆ. ಆದಿಯಿಂದ ಇದ್ದು ಎಂದೆಂದಿಗೂ ಇರುವ, ಗಂಡೂ ಹೆಣ್ಣೂ ಆಗಿರುವ, ಎಲ್ಲದರ ಮೂಲ ಅಂತ ಅದಕ್ಕೆ ಅರ್ಥ ಕೊಡುತ್ತಾರೆ. ನಿಮಗೆ ಆಶ್ಚರ್ಯ ಆಗಬಹುದು, ಹಳೇ ಇಂಗ್ಲಿಷಿನಲ್ಲಿ ಕ್ರೈಸ್ತ ಕವಿಗಳು ಕರ್ತನನ್ನು ಕರೆಯುತ್ತಿದ್ದದ್ದೂ ಇದೇ ಪದದಿಂದ. ಹಾಗಾಗಿ ಮೂಲದಲ್ಲಿ ಒಬ್ಬನೇ ಅನ್ನುವ ನಂಬಿಕೆಗೆ ಇಲ್ಲಿ ಜಾಗ ಇಲ್ಲ ಅಂತ ಹೇಳಲಾರೆ.

ಆದರೆ ಒಂದು ಮಾತು. ವೃತ್ತದಲ್ಲಿ ಸುಮ್ನೆ ನಿಲ್ಲೋಕಾಗಲ್ಲ. ಬಟ್ಟಲ ನೀರಿಗೆ ಉಪ್ಪು ಹಾಕಿ ಅಥಾಮೆಯ ತುದಿಯಿಂದ ಕಲಕುತ್ತೇವೆ. ಅಥಾಮೆ ಅಂದರೆ ಕಪ್ಪು ಹಿಡಿಯ ಚಾಕು, ಏನನ್ನೂ ಕೊಯ್ಯೋದಕ್ಕಲ್ಲ. ಆ ನೀರು ಚಿಮುಕಿಸುತ್ತಾ ಒಂದು ಸುತ್ತು ಬರುತ್ತೇವೆ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು ಅಂತ ಒಂದೊಂದು ದಿಕ್ಕನ್ನೂ ಕರೆಯುತ್ತೇವೆ. ಆಮೇಲೆ ದೇವಿಯನ್ನು ಹೆಸರಿಟ್ಟು ಕರೆಯುತ್ತೇವೆ, ಅವಳು ಬರುತ್ತಾಳೆ ಅಂತಲೇ ಕರೆಯುತ್ತೇವೆ. ಆ ಹೊತ್ತಿಗೆ ನಿಮ್ಮ ಬಾಯಿ ಒಂದು ಹೇಳುತ್ತಾ ಮನಸ್ಸು ಇನ್ನೊಂದು ಹೇಳುತ್ತಿದ್ದರೆ ನಿಮಗೂ ಕಷ್ಟ, ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಿಬಿಡುತ್ತೆ. ಒಬ್ಬರೇ ಪಾಲಿಸುವವರೂ ತುಂಬಾ ಜನ ಇದ್ದಾರೆ. ಆದರೂ ಯಾರನ್ನು ಕರೆಯುತ್ತಿದ್ದೀರಿ ಅನ್ನೋದು ಒಬ್ಬರೇ ಇದ್ದಾಗಲೂ ಅಷ್ಟೇ ಮುಖ್ಯ.

ತುಂಗಾತೀರ:

ಬೆಳವಲ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಆ ವಚನವನ್ನು ನಾವೆಲ್ಲ ಮೊದಲ ಸಾಲಿಗೇ ನಿಲ್ಲಿಸಿಬಿಡುತ್ತೇವೆ. ಮುಂದೆ ಓದಿ ನೋಡಿ. ಪರಮ ಪತಿವ್ರತೆಗೆ ಗಂಡನೊಬ್ಬ ಅಂತ ಬರುತ್ತೆ. ಮತ್ತೊಂದಕ್ಕೆ ಎರಗಿದರೆ ಕಿವಿ ಮೂಗು ಕೊಯ್ಯುತ್ತಾನೆ ಅಂತ ಬರುತ್ತೆ. ಹಲವು ದೈವದ ಎಂಜಲು ತಿನ್ನುವವರನ್ನು ಏನೆನ್ನಲಿ ಅಂತ ಕೊನೆಗೆ ಕೂಡಲಸಂಗಮನನ್ನೇ ಕೇಳುತ್ತಾರೆ. ಎಲ್ಲ ಹೆಸರೂ ಒಂದೇ, ಹೋಗಿ ಮಾಡಿ ಅಂತ ಹೇಳುವ ವಚನ ಅಲ್ಲ ಅದು. ಒಬ್ಬನನ್ನೇ ಗಟ್ಟಿಯಾಗಿ ಹಿಡಿದುಕೋ ಅಂತ ಹೇಳುವ ವಚನ.

ನಾನು ಇದನ್ನು ಇವರನ್ನು ತಡೆಯೋಕೆ ಹೇಳುತ್ತಿಲ್ಲ. ಇವರ ಸಂಕಟ ಏನು ಅಂತ ಬಸವಣ್ಣನವರಿಗೆ ನಮಗಿಂತ ಚೆನ್ನಾಗಿ ಅರ್ಥ ಆಗುತ್ತಿತ್ತು ಅನ್ನಿಸಿತು, ಅದಕ್ಕೆ ಹೇಳಿದೆ. ಒಬ್ಬ ದೇವರಿಗೆ ಮನಸ್ಸು ಕೊಟ್ಟವರಿಗೆ ಈ ಪ್ರಶ್ನೆ ಸಣ್ಣದಲ್ಲ. "ಎಲ್ಲ ಒಂದೇ ಬಿಡಿ" ಅಂದರೆ ಅವರ ನಂಬಿಕೆಯನ್ನೂ ಹಗುರ ಮಾಡಿದ ಹಾಗೆ, ಆ ಗೆಳತಿಯ ನಂಬಿಕೆಯನ್ನೂ ಹಗುರ ಮಾಡಿದ ಹಾಗೆ.

ಬೆಳವಲ:

ಪೂರ್ತಿ ವಚನ ಈಗ ತೆಗೆದು ಓದಿದೆ. ನೀವು ಹೇಳಿದ್ದು ಸರಿ. ಚಿಕ್ಕಂದಿನಿಂದ ಮೊದಲ ಸಾಲು ಮಾತ್ರ ಕೇಳಿದ್ದೆ.

ದೀಪಸ್ತಂಭ:

ಮಗಳೇ, ನಾನು ಧಾರವಾಡದವಳು. ನನ್ನ ಯಜಮಾನರು ಸಭಾಪಾಲಕರಾಗಿ ನಿವೃತ್ತರಾದವರು. ನಿನಗೆ ಆ ಗುಂಪಿನಲ್ಲಿ ಆದದ್ದು ಓದಿ ಸಂಕಟ ಆಯಿತು. ಗುಟ್ಟಾಗಿ ಹೇಳಿಕೊಂಡ ಮಾತನ್ನು ಹತ್ತು ಜನರ ನಡುವೆ ತಂದು ತಲೆ ಮೇಲೆ ಕೈಯಿಡುವುದು ಪ್ರಾರ್ಥನೆಯಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಆದರೂ ನಾನು ನಂಬಿದ್ದನ್ನು ನಿನ್ನಿಂದ ಮುಚ್ಚಿಡಲಾರೆ. ಬೈಬಲ್ಲಿನ ಧರ್ಮೋಪದೇಶಕಾಂಡ 18ನೇ ಅಧ್ಯಾಯ ನಿನಗೆ ಗೊತ್ತೇ ಇದೆ. ಕಣಿ ಕೇಳುವುದು, ಮಂತ್ರ ಹಾಕುವುದು, ಸತ್ತವರನ್ನು ವಿಚಾರಿಸುವುದು ಇದೆಲ್ಲ ಬೇಡ ಅಂತ ಅಲ್ಲಿ ಸ್ಪಷ್ಟವಾಗಿದೆ. ಬೇರೆ ದೇವರುಗಳು ನಿನಗಿರಬಾರದು ಅನ್ನುವ ಮೊದಲನೇ ಆಜ್ಞೆಯೂ ಸ್ಪಷ್ಟವಾಗಿದೆ. ನಮ್ಮ ವಿಶ್ವಾಸದಲ್ಲಿ ನಿಂತು ಇನ್ನೊಂದು ದೇವಿಯನ್ನು ಹೆಸರಿಟ್ಟು ಕರೆಯೋದಕ್ಕೆ ದಾರಿ ಇದೆ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತೆ. ಕ್ರೈಸ್ತ ವಿಕ್ಕಾ ಅಂತ ಹೇಳಿಕೊಳ್ಳುವವರು ಪಶ್ಚಿಮದ ದೇಶಗಳಲ್ಲಿ ಇದ್ದಾರೆ, ನಾನೂ ಓದಿದ್ದೇನೆ. ಎರಡೂ ಕಡೆಯ ಹಿರಿಯರು ಅದನ್ನು ಸುಲಭವಾಗಿ ಒಪ್ಪುವುದಿಲ್ಲ.

ಅದೇ ಹೊತ್ತಿಗೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮಾಟಗಾತಿಯನ್ನು ಬದುಕಲು ಬಿಡಬಾರದು ಅನ್ನುವ ವಿಮೋಚನಕಾಂಡ 22ರ ಒಂದೇ ಒಂದು ವಚನ ಹಿಡಿದು ಯುರೋಪಿನಲ್ಲಿ ಮೂರು ಶತಮಾನ ಎಷ್ಟು ಜನರನ್ನು ಕೊಂದರು! 40,000ದಿಂದ 60,000 ಅಂತ ಇತಿಹಾಸಕಾರರ ಅಂದಾಜು, ಹೆಚ್ಚಿನವರು ಹೆಂಗಸರು. ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ ಎಷ್ಟೋ ಜನ ಸಭೆಗೆ ಹೋಗುವ, ದೇವರನ್ನು ನಂಬುವವರು. ಈ ಪಾಪ ನಮ್ಮ ಕಡೆಯದು.

ಸತ್ತವರನ್ನು ಎಬ್ಬಿಸಿ ಮಾತಾಡಿಸುವ ಏನ್ದೋರಿನ ಹೆಂಗಸಿನ ಕಥೆ ನೆನಪಿದೆಯಾ, 1 ಸಮುವೇಲ 28? ಮಂತ್ರವಾದಿಗಳನ್ನೆಲ್ಲ ಓಡಿಸಿದ ರಾಜ ಸೌಲನೇ ವೇಷ ಮರೆಸಿಕೊಂಡು ರಾತ್ರಿ ಅವಳ ಹತ್ತಿರ ಹೋಗುತ್ತಾನೆ. ಎಲ್ಲರೂ ಅಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಓದು. ಅವನು ಹಗಲೂ ರಾತ್ರಿ ಏನೂ ತಿಂದಿಲ್ಲ, ನೆಲಕ್ಕೆ ಬಿದ್ದಿದ್ದಾನೆ. ಅವಳು ಕೊಬ್ಬಿದ ಕರು ಕೊಯ್ದು, ರೊಟ್ಟಿ ಸುಟ್ಟು, ಒತ್ತಾಯ ಮಾಡಿ ಉಣ್ಣಿಸುತ್ತಾಳೆ. ಶಾಸ್ತ್ರ ಅವಳ ಕೆಲಸವನ್ನು ಒಪ್ಪುವುದಿಲ್ಲ, ಆದರೆ ಅವಳ ಕರುಣೆಯನ್ನು ಮುಚ್ಚಿಯೂ ಇಟ್ಟಿಲ್ಲ. ನಿನ್ನ ಗೆಳತಿಯನ್ನು ನೆನೆದಾಗ ನನಗೆ ಅದೇ ನೆನಪಾಯಿತು. ಅವಳ ಸ್ನೇಹ ಬಿಡಬೇಡ.

ಹೊಲದಂಚು:

ಓದುತ್ತಾ ಓದುತ್ತಾ ಸುಮ್ನಿರೋಕೆ ಆಗಲಿಲ್ಲ. ನಾನು ಕಲಬುರಗಿ ಜಿಲ್ಲೆಯವನು. ಕನ್ನಡದಲ್ಲಿ ಇದರ ಬಗ್ಗೆ ಬರೆಯುವವರು ಸಲೀಸಾಗಿ "ಮಾಟಗಾತಿ" ಅಂತ ಬರೆಯುತ್ತಾರೆ. ಬೇರೆ ದೇಶದಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಂತೆ. ಹೇಳಿಕೊಳ್ಳಲಿ. ಆದರೆ ನಮ್ಮ ಕಡೆ ಆ ಮಾತಿಗೆ ಏನಾಗುತ್ತೆ ಅಂತ ಒಮ್ಮೆ ಕೇಳಿ.

ನಮ್ಮ ಸೋದರತ್ತೆ ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು. ಗಿಡಮೂಲಿಕೆ ಗೊತ್ತಿತ್ತು, ಕೂಸುಗಳಿಗೆ ದೃಷ್ಟಿ ತೆಗೆಯುತ್ತಿದ್ದಳು. ಪಕ್ಕದ ಮನೆಯ ಹುಡುಗಿಗೆ ಮೈಮೇಲೆ ಗುಳ್ಳೆ ಎದ್ದವು, ಮನೆ ಮೇಲೆ ಕಲ್ಲು ಬಿದ್ದವು ಅಂತ ಸುದ್ದಿ ಆಯಿತು. ಬಾನಾಮತಿ ಮಾಡಿದವಳು ಇವಳೇ ಅಂದರು. ನಾನಾಗ ಏಳನೇ ಕ್ಲಾಸು. ಅತ್ತೆಯನ್ನು ಅಂಗಳಕ್ಕೆ ಎಳೆದು ತಂದಾಗ ಅವಳ ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು, ರೊಟ್ಟಿ ಬಡಿಯುತ್ತಿದ್ದಳು. ನಮ್ಮಪ್ಪ ಅಡ್ಡ ನಿಂತದ್ದಕ್ಕೆ ಜೀವ ಉಳಿಯಿತು. ಆಮೇಲೆ ಅವಳು ಆ ಊರಲ್ಲಿ ಇರಲಿಲ್ಲ, ಸಾಯುವವರೆಗೂ ನಮ್ಮ ಮನೆಯಲ್ಲೇ ಇದ್ದಳು. ಯಾರ ಮಗುವನ್ನೂ ಎತ್ತಿಕೊಳ್ಳುತ್ತಿರಲಿಲ್ಲ.

ಬಿಹಾರದಲ್ಲಿ 1999ರಲ್ಲಿ, ಜಾರ್ಖಂಡ್‌ನಲ್ಲಿ 2001ರಲ್ಲಿ ಹೆಂಗಸರನ್ನು ಡಾಕಿನಿ ಅಂತ ಹಿಂಸಿಸುವುದನ್ನು ತಡೆಯೋಕೆ ಕಾಯ್ದೆಯನ್ನೇ ಮಾಡಬೇಕಾಯಿತು. ಕರ್ನಾಟಕದಲ್ಲೂ ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಆಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಈಗ ಐರ್ಲೆಂಡಿನಲ್ಲಿ ಒಬ್ಬ ಓದಿದ ಹೆಣ್ಣುಮಗಳಿಗೆ ನಮ್ಮ ಜನರೇ ದೆವ್ವ ಬಿಡಿಸಿದರು ಅಂತ ಓದಿದಾಗ ನನಗೆ ಅತ್ತೆಯ ಕೈ ಕಣ್ಮುಂದೆ ಬಂತು. ಅಕ್ಕಾ, ನೀವು ಏನಾದರೂ ನಂಬಿ. ಆದರೆ ಆ ಗುಂಪಿಗೆ ಮಾತ್ರ ಮತ್ತೆ ಹೋಗಬೇಡಿ.

ಅಮೃತಬಳ್ಳಿ:

ಹೊಲದಂಚು, ನಿಮ್ಮ ಮಾತು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ನಾನು ಇಂಗ್ಲಿಷಿನಲ್ಲಿ ನನ್ನನ್ನು ವಿಚ್ ಅಂತ ಕರೆದುಕೊಳ್ಳುತ್ತೇನೆ. ನಮ್ಮಮ್ಮನ ಹತ್ತಿರ ಕನ್ನಡದಲ್ಲಿ ಒಮ್ಮೆಯೂ ಮಾಟಗಾತಿ ಅಂತ ಹೇಳಿಕೊಂಡಿಲ್ಲ. ನಾಲಿಗೆ ಹೊರಳುವುದಿಲ್ಲ. ಕಾರಣ ನೀವು ಹೇಳಿದ್ದೇ. ಕೋಲ್ಕತ್ತದ ಈಪ್ಸಿತಾ ರಾಯ್ ಚಕ್ರವರ್ತಿ ಅವರು ಭಾರತದಲ್ಲೇ ಇದ್ದು ಬಹಿರಂಗವಾಗಿ ತನ್ನನ್ನು ವಿಕ್ಕನ್ ಅಂತ ಹೇಳಿಕೊಂಡವರು, ಅದಕ್ಕೆ ಎಂಥ ಧೈರ್ಯ ಬೇಕು ಅಂತ ನನಗೆ ಗೊತ್ತು. ಆದರೆ ಹೆಸರು, ಓದು, ನಗರ ಇರುವವರ ಧೈರ್ಯ ನಿಮ್ಮ ಅತ್ತೆಗೆ ಸಿಗುವಂಥದ್ದಾಗಿರಲಿಲ್ಲ.

ನಸುಕು:

ಒಂದು ಎಚ್ಚರಿಕೆ ಮಾತ್ರ. ನಾನು ಜರ್ಮನಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ದೀಕ್ಷೆ ಕೊಡುತ್ತೇವೆ ಅಂದವರಿಗೆ 300 ಯೂರೋ ಕಟ್ಟಿದೆ. ಮೂರು ವಿಡಿಯೊ ಕಳಿಸಿದರು, ಆಮೇಲೆ ಎರಡನೇ ಮೆಟ್ಟಿಲಿಗೆ ಇನ್ನೂ ದುಡ್ಡು ಕೇಳಿದರು. ಕೊಡಲ್ಲ ಅಂದಾಗ ನನ್ನ ಮೇಲೆ ಶಾಪ ಇದೆ, ತೆಗೆಯೋಕೆ ಬೇರೆ ದುಡ್ಡು ಅಂದರು. ತುಂಬಾ ಹೆದರಿದ್ದೆ.

ಅಮೃತಬಳ್ಳಿ:

ನಸುಕು ಅವರೇ, ದೀಕ್ಷೆಗೆ ದುಡ್ಡು ತೆಗೆದುಕೊಳ್ಳಬಾರದು ಅನ್ನೋದು ನಮ್ಮ ಪರಂಪರೆಯ ಹಳೇ ನಿಯಮ. ಬೇರೆ ಬೇರೆ ಗುಂಪುಗಳ ಪದ್ಧತಿ ಬೇರೆ ಇರುತ್ತೆ, ಆದರೂ ಸಾಮಾನ್ಯವಾಗಿ ಒಂದು ವರ್ಷ ಒಂದು ದಿನ ಕಲಿಸಿ, ಆಮೇಲೆ ಇಬ್ಬರಿಗೂ ಒಪ್ಪಿಗೆಯಾದರೆ ಮಾತ್ರ ಕೊಡುತ್ತಾರೆ. ಹೆದರಿಸಿ ದುಡ್ಡು ಕೇಳಿದವರು ಯಾರೇ ಆಗಿರಲಿ, ಮೋಸಗಾರರು. ನಿಮ್ಮ ಮೇಲೆ ಏನೂ ಇಲ್ಲ. ನೆಮ್ಮದಿಯಾಗಿರಿ.

ಜೊಂಡುಹುಲ್ಲು:

ನಾಲ್ಕು ರಾತ್ರಿ ಸತತ ಡ್ಯೂಟಿ ಇತ್ತು, ಈಗ ಕೂತು ಎಲ್ಲ ಓದಿದೆ. ಎಲ್ಲರಿಗೂ ಕೈಮುಗಿಯುತ್ತೇನೆ. ದೀಪಸ್ತಂಭ ಅಮ್ಮಾ, ನೀವು ಕ್ಷಮೆ ಕೇಳಿದ್ದು ಓದಿ ಮತ್ತೆ ಅತ್ತೆ. ಹೊಲದಂಚು ಅಣ್ಣಾ, ಆ ಗುಂಪಿಗೆ ಹೋಗುವುದು ಬಿಟ್ಟಿದ್ದೇನೆ.

ಅಮೃತಬಳ್ಳಿ ಅಕ್ಕ, "ನಿಮಗೆ ಅಳು ಬಂದಿದ್ದು ಬಾವಿ ಹತ್ತಿರ" ಅಂದಿರಲ್ಲ, ಅದು ನಾಲ್ಕು ರಾತ್ರಿಯೂ ತಲೆಯಲ್ಲಿ ತಿರುಗುತ್ತಿತ್ತು. ಯೋಚಿಸುತ್ತಾ ಹೋದಾಗ ಎಳ್ಳಮಾವಾಸ್ಯೆ ನೆನಪಾಯಿತು. ನಮ್ಮ ಅಜ್ಜಿಯ ಗೆಳತಿಯ ಹೊಲಕ್ಕೆ ಪ್ರತಿ ವರ್ಷ ಹೋಗುತ್ತಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬುಟ್ಟಿ ತುಂಬ. ಅವರು ಪೂಜೆ ಮಾಡಿ ಹೊಲದ ತುಂಬ ಚರಗ ಚೆಲ್ಲುತ್ತಿದ್ದರು. ನಮ್ಮಜ್ಜಿ ಪೂಜೆಗೆ ನಿಲ್ಲುತ್ತಿರಲಿಲ್ಲ, ಬದುವಿನ ಮೇಲೆ ಕೂತು ಕಣ್ಣು ಮುಚ್ಚಿ ತನ್ನ ಪ್ರಾರ್ಥನೆ ಮಾಡುತ್ತಿದ್ದಳು. ಆದರೆ ಊಟಕ್ಕೆ ಮೊದಲು ತನ್ನ ರೊಟ್ಟಿಯಲ್ಲೊಂದು ತುಣುಕು ಮುರಿದು ಮಣ್ಣಿಗೆ ಇಡುತ್ತಿದ್ದಳು. "ಭೂಮಿನ ಕರ್ತನು ಮಾಡ್ಯಾನ ಯವ್ವಾ, ಅದಕ್ಕೂ ಹಸಿವು ಇರತೈತಿ" ಅನ್ನುತ್ತಿದ್ದಳು. ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಅದು ನಿಂತಿತು. ಇಲ್ಲಿಗೆ ಬಂದ ಮೇಲಂತೂ ನನ್ನ ವಿಶ್ವಾಸ ಅಂದರೆ ನಾಲ್ಕು ಗೋಡೆಯ ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಮಣ್ಣು, ಚಂದ್ರ, ಬಿತ್ತನೆ ಯಾವುದೂ ಅದರಲ್ಲಿ ಇರಲಿಲ್ಲ. ನನ್ನನ್ನು ಕರೆದದ್ದು ಬಹುಶಃ ಇದೇ.

ಆದರೆ ಇನ್ನೊಂದು ವಿಷಯ ಇದೆ. ಅಮ್ಮನಿಗೆ ಮುಂದಿನ ತಿಂಗಳು ಮಂಡಿ ಆಪರೇಷನ್. ಗೆಳತಿ ಇಂಬೊಲ್ಕ್ ದಿನ ತನ್ನವರ ಜೊತೆ ಅಮ್ಮನಿಗಾಗಿ ಗುಣಪಡಿಸುವ ಕ್ರಿಯೆ ಮಾಡುತ್ತೇನೆ, ನೀನೂ ವೃತ್ತಕ್ಕೆ ಬಾ ಅಂದಿದ್ದಾಳೆ. ನನಗೆ ಆಸೆ ಇದೆ. ದೂರದಲ್ಲಿರುವ ಮಗಳಿಗೆ ಏನಾದರೂ ಮಾಡಬೇಕು ಅನ್ನಿಸುತ್ತೆ ಅಲ್ವಾ? ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ.

ಅಮೃತಬಳ್ಳಿ:

ತಂಗೀ, ಇದಕ್ಕೆ ನನ್ನ ಉತ್ತರ ನೇರವಾಗಿದೆ. ಯಾರಿಗೂ ಕೇಡಾಗದಿದ್ದರೆ ನಿನ್ನಿಷ್ಟದಂತೆ ಮಾಡು ಅನ್ನೋದು ನಮ್ಮ ಮುಖ್ಯ ಸೂತ್ರ. ಎಷ್ಟೋ ಜನ ಎರಡನೇ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ. ಒಳ್ಳೆಯದಕ್ಕೇ ಆಗಲಿ, ಒಬ್ಬರ ಒಪ್ಪಿಗೆ ಇಲ್ಲದೆ ಅವರ ಮೇಲೆ ಕ್ರಿಯೆ ಮಾಡೋದು ಅವರ ಇಚ್ಛೆಯನ್ನು ತುಳಿದ ಹಾಗೆ ಅಂತ ನನಗೆ ಕಲಿಸಿದವರು ಹೇಳುತ್ತಿದ್ದರು, ನಾನೂ ಹಾಗೇ ನಡೆದಿದ್ದೇನೆ. ಆಪರೇಷನ್ನಿಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳುವವರು ನೀವು. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಬೇಡ ಅನ್ನುತ್ತಾಳೆ ಅಂತ ಗೊತ್ತಿದ್ದೂ ಮಾಡಿದರೆ ಅದು ವಿಕ್ಕಾನೂ ಅಲ್ಲ.

ದೀಪಸ್ತಂಭ:

ಅಮೃತಬಳ್ಳಿಯವರು ಹೇಳಿದ್ದು ಓದಿ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಮಗಳೇ, ಪ್ರಾರ್ಥನೆಯಲ್ಲಿ ನಾವು ಕೇಳಿಕೊಳ್ಳುತ್ತೇವೆ, ಕೊಡುವುದು ಬಿಡುವುದು ಆತನಿಗೆ ಬಿಟ್ಟದ್ದು. ನೀನು ವೃತ್ತಕ್ಕೆ ಹೋಗಬೇಕು ಅನ್ನುವುದು ಅಲ್ಲಿನ ದೇವಿಯ ಮೇಲಿನ ಭಕ್ತಿಗಾ, ಇಲ್ಲ ಅಮ್ಮನ ಬಗ್ಗೆ ಇರುವ ಭಯಕ್ಕಾ? ಭಯಕ್ಕಾದರೆ ಆ ಭಯವನ್ನೇ ಹಾಗೇ ಎತ್ತಿ ದೇವರ ಮುಂದೆ ಇಡು. ಅಜ್ಜಿ ಬದುವಿನ ಮೇಲೆ ಕೂತಿದ್ದಳಲ್ಲ, ಹಾಗೆ ಕೂತು ಇಡು. ಹಿತ್ತಲಲ್ಲಿ ಹುಣ್ಣಿಮೆ ಬೆಳಕಲ್ಲಿ ನಿಂತು ಪ್ರಾರ್ಥಿಸುವುದಕ್ಕೆ ಯಾವ ವಚನವೂ ಅಡ್ಡ ಬರುವುದಿಲ್ಲ, ಚಂದ್ರ ನಕ್ಷತ್ರಗಳನ್ನು ಇಟ್ಟವನು ಆತನೇ ಅಂತ ಕೀರ್ತನೆಗಳ ತುಂಬ ಇದೆ.

ತುಂಗಾತೀರ:

ಬ್ರಿಜಿಡ್ ಬಗ್ಗೆ ಸ್ವಲ್ಪ ಓದಿದೆ, ನಿಮಗೆ ಇಷ್ಟ ಆಗಬಹುದು. ಸುಮಾರು 900ರ ಹೊತ್ತಿನ ಐರಿಷ್ ಪದಕೋಶವೊಂದರಲ್ಲಿ ಅವಳು ಕವಿಗಳ ದೇವಿ, ಅವಳ ಅಕ್ಕತಂಗಿಯರಲ್ಲಿ ಒಬ್ಬಳು ವೈದ್ಯದವಳು. ಸಂತಳ ಕಥೆಗಳು ಅದಕ್ಕಿಂತ ಹಳೆಯವು. ಯಾರು ಮೊದಲು ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡುತ್ತಿದ್ದಾರೆ. ಕಿಲ್ಡೇರ್‌ನಲ್ಲಿ ಅವಳ ಹೆಸರಿನ ಬೆಂಕಿಯನ್ನು ಆರದ ಹಾಗೆ ಕಾಯುತ್ತಿದ್ದರು ಅಂತ 12ನೇ ಶತಮಾನದ ಕೊನೆಯಲ್ಲಿ ವೇಲ್ಸ್‌ನ ಜೆರಾಲ್ಡ್ ಅನ್ನುವ ಪಾದ್ರಿ ಬರೆದಿಟ್ಟಿದ್ದಾನೆ. 19 ಸನ್ಯಾಸಿನಿಯರು ಸರದಿ ಪ್ರಕಾರ ಒಂದೊಂದು ರಾತ್ರಿ. 20ನೇ ರಾತ್ರಿ ಯಾರೂ ಕೂರುತ್ತಿರಲಿಲ್ಲ, "ಬ್ರಿಜಿಡ್, ಇವತ್ತು ನಿನ್ನ ಸರದಿ" ಅಂತ ಸೌದೆ ಇಟ್ಟು ಎದ್ದು ಹೋಗುತ್ತಿದ್ದರಂತೆ. ಆರಿಹೋಗಿದ್ದ ಆ ದೀಪವನ್ನು 1993ರಲ್ಲಿ ಅಲ್ಲಿನ ಸನ್ಯಾಸಿನಿಯರೇ ಮತ್ತೆ ಹಚ್ಚಿದರು. ನೈಟ್ ಡ್ಯೂಟಿಯ ಕಥೆ ಅಂತ ನಿಮ್ಮ ನೆನಪಾಯಿತು.

ಜೊಂಡುಹುಲ್ಲು:

ಇವತ್ತು ಜನವರಿ 31. ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಾವಿ, ಗೆಳತಿ, ವಿಕ್ಕಾ, ಆ ಗುಂಪಿನಲ್ಲಿ ಆದದ್ದು, ಎಲ್ಲ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನ್ನ ಸಲುವಾಗಿ ಬ್ಯಾರೆ ಯಾರನ್ನೂ ಕರೀಬ್ಯಾಡ. ನಿನ್ನ ಗೆಳತಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು, ಒಳ್ಳೆ ಮನಸ್ಸಿನಾಕಿ" ಅಂದಳು. ಇನ್ನೊಂದು ಕೇಳಿದಳು, ಆ ಹುಲ್ಲಿನ ಶಿಲುಬೆ ಎಷ್ಟು ದೊಡ್ಡದು, ಆಸ್ಪತ್ರೆಯಲ್ಲಿ ದಿಂಬಿನ ಕೆಳಗೆ ಹಿಡಿಸುತ್ತಾ ಅಂತ.

ಗೆಳತಿಗೆ ನಾನು ವೃತ್ತಕ್ಕೆ ಬರುವುದಿಲ್ಲ ಅಂತ ಹೇಳಿದೆ. ಅಲ್ಲಿ ನಿಂತು ದೇವಿಯನ್ನು ಕರೆದರೆ ನಾನು ನಿನಗೂ ಸುಳ್ಳು ಹೇಳಿದ ಹಾಗೆ, ನನ್ನ ದೇವರಿಗೂ ಸುಳ್ಳು ಹೇಳಿದ ಹಾಗೆ ಅಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಬಾವಿಗಾದರೂ ಬರುತ್ತೀಯಲ್ಲ ಅಂದಳು. ಬರುತ್ತೇನೆ ಅಂದೆ. ವಿಕ್ಕಾ ಅನ್ನುವ ಹೆಸರನ್ನು ನಾನು ಇಟ್ಟುಕೊಳ್ಳುವುದಿಲ್ಲ. ಹುಣ್ಣಿಮೆಯನ್ನು ಮಾತ್ರ ಬಿಡಲಾರೆ. ಮುಂದೆ ಯಾವತ್ತಾದರೂ ಮನಸ್ಸು ಬದಲಾದರೆ ಅದನ್ನೂ ಅಮ್ಮನಿಗೆ ಹೇಳಿಯೇ ಮಾಡುತ್ತೇನೆ.

ಇಲ್ಲಿ ಇವತ್ತು ರಾತ್ರಿ ಒಂದು ಬಟ್ಟೆಯನ್ನು ಹೊರಗೆ ಗಿಡದ ಮೇಲೆ ಹಾಕಿಡುವ ರೂಢಿ ಇದೆ. ಬ್ರಿಜಿಡ್ ಹಾದುಹೋಗುವಾಗ ಮುಟ್ಟುತ್ತಾಳೆ, ಆ ಬಟ್ಟೆ ತಲೆನೋವಿಗೆ ಒಳ್ಳೆಯದು ಅನ್ನುತ್ತಾರೆ. ಅಮ್ಮ ಕೊಟ್ಟಿದ್ದ ಹಳೇ ಇಳಕಲ್ ಸೀರೆಯ ಅಂಚಿನ ತುಂಡೊಂದು ಇತ್ತು, ಅದನ್ನು ಪ್ರಾರ್ಥನೆ ಮಾಡಿ ಹಿತ್ತಲ ಬೇಲಿಗೆ ಹಾಕಿ ಬಂದಿದ್ದೇನೆ. ಜಿಟಿಜಿಟಿ ಮಳೆ. ಜೊಂಡು ಬಕೆಟ್ಟಿನಲ್ಲಿ ನೆನೆಯುತ್ತಿದೆ. ದಿಂಬಿನ ಕೆಳಗೆ ಹಿಡಿಸಬೇಕು ಅಂದರೆ ಎಸಳು ಸಣ್ಣಗೆ ಸೀಳಬೇಕು, ಇನ್ನು ಕೂರುತ್ತೇನೆ. ಎಂಟಕ್ಕೆ ಡ್ಯೂಟಿ.